ಕಾಲೇಜು ಫುಟ್ಬಾಲ್: ದೂರಿನಿಂದ ಹೊಣೆಯ ಕಡೆಗೆ

(ಸಂಘದ ವಾರ್ಷಿಕ ಸಭೆಯಲ್ಲಿ ಮಾಡಿದ ಭಾಷಣದ ಲಿಖಿತ ರೂಪ)

ಪರಮ ದಯಾಮಯನೂ ಕರುಣಾನಿಧಿಯೂ ಆದ ಅಲ್ಲಾಹನ ನಾಮದಿಂದ.



ವಿದ್ಯಾಸಂಘದ ವಾರ್ಷಿಕ ಸಭೆಯಲ್ಲಿ ಫುಟ್ಬಾಲಿನ ಬಗ್ಗೆ ಮಾತನಾಡುವುದೇ ಎಂದು ಕೆಲವು ಹಿರಿಯರಿಗೆ ಅನಿಸಬಹುದು. ವಿದ್ಯಾರ್ಥಿವೇತನ, ಪರೀಕ್ಷೆಯ ಫಲಿತಾಂಶ, ಹೆಣ್ಣುಮಕ್ಕಳ ಶಿಕ್ಷಣ ಇವೆಲ್ಲ ಇರುವಾಗ ಚೆಂಡಿಗೇನು ಕೆಲಸ? ಆದರೆ ಬಂಟ್ವಾಳ, ಬೆಳ್ತಂಗಡಿ, ಮೂಡಬಿದಿರೆ ಕಡೆಯ ನಮ್ಮ ಯುವಕರು ಎರಡು ನಿಮಿಷ ಮನಬಿಚ್ಚಿ ಮಾತನಾಡಲು ಕುಳಿತರೆ, ಅವರ ಬಾಯಿಂದ ಮೊದಲು ಬರುವ ದೂರುಗಳಲ್ಲಿ ಇದೂ ಒಂದು: "ನಮ್ಮ ಕಾಲೇಜಿಗೆ, ನಮ್ಮ ಯೂನಿವರ್ಸಿಟಿಗೆ ಫುಟ್ಬಾಲ್ ಬೇಡವಾಗಿದೆ." ಈ ದೂರನ್ನು ತಮಾಷೆ ಎಂದು ತಳ್ಳಿಹಾಕುವುದು ಸುಲಭ. ಅದರಲ್ಲಿ ಎಷ್ಟು ನ್ಯಾಯವಿದೆ, ಎಷ್ಟು ಬರಿಯ ಸಿಟ್ಟಿದೆ, ನಾವು ಮಾಡಬೇಕಾದುದೇನು ಎಂದು ತೂಗಿ ನೋಡುವುದು ಇಂದಿನ ನನ್ನ ಉದ್ದೇಶ.

ಮೊದಲು ದೂರನ್ನು ಸರಿಯಾಗಿ ಕೇಳೋಣ. ವಿಶ್ವಕಪ್ ಬಂತೆಂದರೆ ನಮ್ಮ ಪೇಟೆಗಳಲ್ಲಿ, ಒಳದಾರಿಗಳಲ್ಲಿ ಬ್ರೆಜಿಲ್, ಅರ್ಜೆಂಟೀನಾದ ಬಾವುಟಗಳು ಹಾರುತ್ತವೆ. ಕೊಯ್ಲು ಮುಗಿದ ಗದ್ದೆಯಲ್ಲಿ, ಗುಡ್ಡ ಕಡಿದು ಮಾಡಿದ ಮುರಕಲ್ಲಿನ ಮೈದಾನದಲ್ಲಿ ಅಸರ್ ನಮಾಝಿನ ನಂತರ ಮಗ್ರಿಬ್ ಬಾಂಗಿನ ತನಕ ಹುಡುಗರು ಬರಿಗಾಲಲ್ಲಿ ಆಡುತ್ತಾರೆ. ಇಷ್ಟು ಪ್ರೀತಿ ಇರುವ ಊರಿನ ಹುಡುಗ ಕಾಲೇಜಿಗೆ ಸೇರಿದಾಗ ನೋಡುವುದೇನು? ಪ್ರವೇಶದ ವೇಳೆ ಕ್ರೀಡಾ ಶುಲ್ಕ ಕಟ್ಟುತ್ತಾನೆ. ಮೈದಾನವಿದ್ದರೆ ನಡುಮಧ್ಯೆ ಕ್ರಿಕೆಟಿನ ಪಿಚ್ ಇರುತ್ತದೆ. ಒಬ್ಬರೇ ದೈಹಿಕ ಶಿಕ್ಷಣ ನಿರ್ದೇಶಕರು ಕಬಡ್ಡಿ, ವಾಲಿಬಾಲ್, ಓಟ, ಚೆಸ್ ಎಲ್ಲವನ್ನೂ ನೋಡಿಕೊಳ್ಳಬೇಕು. ಅಂತರ ಕಾಲೇಜು ಪಂದ್ಯಾಟದ ಸುದ್ದಿ ನೋಟಿಸ್ ಬೋರ್ಡಿಗೆ ಬರುವಾಗ ನಾಲ್ಕು ದಿನ ಉಳಿದಿರುತ್ತದೆ. ಅಭ್ಯಾಸವಿಲ್ಲದ ಹನ್ನೊಂದು ಮಂದಿ ಹೋಗುತ್ತಾರೆ. ಪಂದ್ಯಾಟ ಸಾಮಾನ್ಯವಾಗಿ ನಾಕೌಟ್ ಆದ್ದರಿಂದ ಒಂದು ಪಂದ್ಯ ಸೋತು ಮರಳುತ್ತಾರೆ. ಆ ವರ್ಷದ ಫುಟ್ಬಾಲ್ ಅಲ್ಲಿಗೆ ಮುಗಿಯಿತು. ಪಂದ್ಯ ಶುಕ್ರವಾರ ಮಧ್ಯಾಹ್ನಕ್ಕೆ ಬಿದ್ದರೆ ಜುಮಾ ಬಿಡುವುದೋ, ತಂಡ ಬಿಡುವುದೋ ಎಂಬ ಸಂಕಟ ಬೇರೆ.

ಈ ದೂರಿನಲ್ಲಿ ನ್ಯಾಯವಿದೆ. ವಿಶ್ವವಿದ್ಯಾನಿಲಯದ ಕ್ರೀಡೆ ಒಂದು ಏಣಿಯಿದ್ದಂತೆ. ಕಾಲೇಜು ತಂಡ ಮೊದಲ ಮೆಟ್ಟಿಲು. ಅಂತರ ಕಾಲೇಜು ಪಂದ್ಯಾಟದಿಂದ ಆಯ್ಕೆಯಾದವರು ವಿಶ್ವವಿದ್ಯಾನಿಲಯದ ತಂಡಕ್ಕೆ ಹೋಗುತ್ತಾರೆ. ಆ ತಂಡ ದಕ್ಷಿಣ ವಲಯದ ಅಂತರ ವಿಶ್ವವಿದ್ಯಾನಿಲಯ ಪಂದ್ಯಾಟದಲ್ಲಿ ಗೆದ್ದು ಮುಂದೆ ಬಂದರೆ ಅಖಿಲ ಭಾರತ ಮಟ್ಟ, ಅಲ್ಲಿ ಸರ್ ಅಶುತೋಷ್ ಮುಖರ್ಜಿ ಟ್ರೋಫಿ. ಅದರ ಮೇಲೆ ಖೇಲೋ ಇಂಡಿಯಾ ವಿಶ್ವವಿದ್ಯಾನಿಲಯ ಕ್ರೀಡಾಕೂಟ. ಕೇಂದ್ರ ಸರಕಾರದ ಗ್ರೂಪ್ ಸಿ ಹುದ್ದೆಗಳಲ್ಲಿ ಕ್ರೀಡಾಪಟುಗಳಿಗೆ ಶೇಕಡಾ 5ರ ವರೆಗೆ ಅವಕಾಶವಿದೆ. ವಿಶ್ವವಿದ್ಯಾನಿಲಯವನ್ನು ಪ್ರತಿನಿಧಿಸಿದ ಪ್ರಮಾಣಪತ್ರಕ್ಕೆ ಅಲ್ಲಿ ಬೆಲೆಯಿದೆ. ಮೊದಲ ಮೆಟ್ಟಿಲೇ ಮುರಿದಿದ್ದರೆ ಮೇಲಿನ ಮೆಟ್ಟಿಲುಗಳು ಯಾರಿಗಾಗಿ? ಹಳ್ಳಿಯ ಬಡ ಹುಡುಗನಿಗೆ ಇದು ಕೇವಲ ಆಟ ತಪ್ಪಿದ ಪ್ರಶ್ನೆಯಲ್ಲ, ಒಂದು ಉದ್ಯೋಗದ ದಾರಿ ತಪ್ಪಿದ ಪ್ರಶ್ನೆ. ಆಟಕ್ಕಾಗಿ ಕಾಲೇಜಿಗೆ ಬರುತ್ತಿದ್ದವನು ಆಟವೂ ಇಲ್ಲವೆಂದಾಗ ಪದವಿಯನ್ನು ಅರ್ಧಕ್ಕೆ ಬಿಟ್ಟು ಗಲ್ಫಿನ ವೀಸಾ ಹುಡುಕುತ್ತಾನೆ. ವಿದ್ಯಾಸಂಘವಾದ ನಮಗೆ ಈ ವಿಷಯ ಸಂಬಂಧಿಸುವುದು ಇಲ್ಲಿಯೇ.

"ನಮ್ಮ ಊರಲ್ಲಿ ಇದೆಲ್ಲ ಆಗದು" ಎನ್ನುವವರಿಗೆ ನಾನು ದೂರದ ಉದಾಹರಣೆ ಕೊಡುವುದಿಲ್ಲ, ಮೂಡಬಿದಿರೆಯನ್ನೇ ತೋರಿಸುತ್ತೇನೆ. 1980ರಲ್ಲಿ ಸ್ಥಾಪನೆಯಾದ ಮಂಗಳೂರು ವಿಶ್ವವಿದ್ಯಾನಿಲಯ ಅಥ್ಲೆಟಿಕ್ಸ್‌ನಲ್ಲಿ ದೇಶಕ್ಕೇ ಮೊದಲಿಗನಾಗಿದೆ. 2020ರ ಜನವರಿಯಲ್ಲಿ ಮತ್ತು 2022ರ ಜನವರಿಯಲ್ಲಿ ಅಖಿಲ ಭಾರತ ಅಂತರ ವಿಶ್ವವಿದ್ಯಾನಿಲಯ ಅಥ್ಲೆಟಿಕ್ ಕೂಟ ನಡೆದದ್ದು ಮೂಡಬಿದಿರೆಯ ಸ್ವರಾಜ್ಯ ಮೈದಾನದ ಸಿಂಥೆಟಿಕ್ ಟ್ರ್ಯಾಕಿನಲ್ಲಿ. ಈ ಗೆಲುವಿನ ಹಿಂದೆ ಆಳ್ವಾಸ್ ಸಂಸ್ಥೆಯು ಕ್ರೀಡಾಪಟುಗಳನ್ನು ದತ್ತು ಪಡೆದು, ಅವರಿಗೆ ಊಟ, ವಸತಿ, ಶಿಕ್ಷಣ, ತರಬೇತಿ ಎಲ್ಲವನ್ನೂ ಒಂದೇ ಕಡೆ ಒದಗಿಸಿದ ಶ್ರಮವಿದೆ. ಬೆಳ್ತಂಗಡಿ ತಾಲೂಕಿನ ಉಜಿರೆಯ ಎಸ್.ಡಿ.ಎಂ. ಕಾಲೇಜು ವಾಲಿಬಾಲಿನಲ್ಲಿ ಹೆಸರು ಮಾಡಿದೆ. ಅದೇ ಮಳೆ, ಅದೇ ಮಣ್ಣು, ಅದೇ ಪರೀಕ್ಷೆ. ಹಾಗಾದರೆ ವ್ಯತ್ಯಾಸವೆಲ್ಲಿ? ಆ ಆಟಗಳಿಗೆ ಒಂದು ಮನೆ ಸಿಕ್ಕಿತು, ಒಬ್ಬ ಯಜಮಾನ ಸಿಕ್ಕಿದ. ನಮ್ಮ ಮೂರು ತಾಲೂಕುಗಳಲ್ಲಿ ಫುಟ್ಬಾಲಿಗೆ ಅಭಿಮಾನಿಗಳು ಸಾವಿರಾರು, ಮನೆ ಮಾತ್ರ ಇಲ್ಲ.

ಗಡಿಯಾಚೆ ನೋಡಿ. ಮಲಪ್ಪುರಂ ಜಿಲ್ಲೆಯಲ್ಲಿರುವ ಕಲ್ಲಿಕೋಟೆ ವಿಶ್ವವಿದ್ಯಾನಿಲಯ 1968ರಲ್ಲಿ ಆರಂಭವಾಯಿತು. ಅಂತರ ವಿಶ್ವವಿದ್ಯಾನಿಲಯ ಫುಟ್ಬಾಲಿನಲ್ಲಿ ಹಲವು ಬಾರಿ ಚಾಂಪಿಯನ್ ಆಗಿದೆ. ನಾವು ಗಮನಿಸಬೇಕಾದ ಸಂಗತಿ ಇನ್ನೊಂದಿದೆ. 1964ರಲ್ಲಿ ಡಾ. ಪಿ.ಕೆ. ಅಬ್ದುಲ್ ಗಫೂರ್ ಅವರು ಕೇರಳದಲ್ಲಿ ಮುಸ್ಲಿಂ ಎಜುಕೇಶನಲ್ ಸೊಸೈಟಿಯನ್ನು ಕಟ್ಟಿದರು. ನಮ್ಮ ಸಂಘದಂತೆಯೇ ಅದೂ ವಿದ್ಯೆಗಾಗಿ ಹುಟ್ಟಿದ ಸಂಸ್ಥೆ. ಅದರ ಮಂಬಾಡ್ ಕಾಲೇಜು ಪಾಠಕ್ಕೆ ಹೇಗೋ ಹಾಗೆಯೇ ಫುಟ್ಬಾಲಿಗೂ ಹೆಸರುವಾಸಿ. ವಿದ್ಯೆ ಮತ್ತು ಆಟ ಪರಸ್ಪರ ಶತ್ರುಗಳೆಂದು ಅವರು ಭಾವಿಸಲಿಲ್ಲ. ಫಲವನ್ನು ನಾವೇ ಉಂಡಿದ್ದೇವೆ: 2022ರ ಏಪ್ರಿಲಿನಲ್ಲಿ ಮಂಜೇರಿಯ ಪಯ್ಯನಾಡಿನಲ್ಲಿ ನಡೆದ ಸಂತೋಷ್ ಟ್ರೋಫಿ ಸೆಮಿಫೈನಲಿನಲ್ಲಿ ಕೇರಳವು ಕರ್ನಾಟಕವನ್ನು 7-3ರಿಂದ ಸೋಲಿಸಿತು. ಹಾಗೆಂದು ಕರ್ನಾಟಕ ಕೈಚೆಲ್ಲಿ ಕುಳಿತುಕೊಳ್ಳಲಿಲ್ಲ. ಮರುವರ್ಷ, 2023ರ ಮಾರ್ಚಿನಲ್ಲಿ ರಿಯಾದ್‌ನಲ್ಲಿ ನಡೆದ ಫೈನಲಿನಲ್ಲಿ ಮೇಘಾಲಯವನ್ನು 3-2ರಿಂದ ಮಣಿಸಿ, 54 ವರ್ಷಗಳ ನಂತರ ಟ್ರೋಫಿಯನ್ನು ಮನೆಗೆ ತಂದಿತು.

ಇನ್ನು ಅಮೆರಿಕದ ಮಾತು. ಅಲ್ಲಿ ಫುಟ್ಬಾಲ್ ಎಂದರೆ ಬೇರೆಯೇ ಆಟ. ಮೊಟ್ಟೆಯಾಕಾರದ ಚೆಂಡನ್ನು ಹೆಚ್ಚಾಗಿ ಕೈಯಲ್ಲಿ ಹಿಡಿದು ಆಡುವುದು. ಆದರೆ ಕಾಲೇಜು ತಂಡಗಳ ಮೇಲೆ ಅಲ್ಲಿಯ ಜನರಿಗೆ ಎಷ್ಟು ಹುಚ್ಚೆಂದರೆ ಲಕ್ಷ ಜನ ಕೂರುವ ಕ್ರೀಡಾಂಗಣಗಳನ್ನು ವಿಶ್ವವಿದ್ಯಾನಿಲಯಗಳೇ ಕಟ್ಟಿಕೊಂಡಿವೆ. ಎಷ್ಟೋ ರಾಜ್ಯಗಳಲ್ಲಿ ಸರಕಾರಿ ಸಂಬಳದಲ್ಲಿ ಅತಿ ಹೆಚ್ಚು ಪಡೆಯುವವರು ರಾಜ್ಯಪಾಲರೂ ಅಲ್ಲ, ಕುಲಪತಿಯೂ ಅಲ್ಲ, ಫುಟ್ಬಾಲ್ ಕೋಚ್! ಇದು ಅತಿಯಾಯಿತು, ನಮಗೆ ಬೇಡ. 1939ರಲ್ಲಿ ಷಿಕಾಗೊ ವಿಶ್ವವಿದ್ಯಾನಿಲಯದ ಅಧ್ಯಕ್ಷ ರಾಬರ್ಟ್ ಹಚಿನ್ಸ್ ಆ ಆಟವನ್ನೇ ನಿಲ್ಲಿಸಿದಾಗ, ವಿದ್ಯೆಯ ಮನೆಯಲ್ಲಿ ಆಟ ಯಜಮಾನನಾಗಬಾರದು ಎಂಬ ಕಾಳಜಿ ಅವರಿಗಿತ್ತು. ಅದೂ ಒಂದು ವಾದ.

ಆದರೆ ಅಲ್ಲಿಂದ ಕಲಿಯಬಹುದಾದ ಒಂದು ಘಟನೆ ಇದೆ. 2014ರ ಡಿಸೆಂಬರಿನಲ್ಲಿ ಅಲಬಾಮಾ ರಾಜ್ಯದ ಬರ್ಮಿಂಗ್‌ಹ್ಯಾಮ್ ನಗರದ ವಿಶ್ವವಿದ್ಯಾನಿಲಯದ ಆಡಳಿತ, ಖರ್ಚು ಹೆಚ್ಚಾಯಿತೆಂದು ಹೇಳಿ ಫುಟ್ಬಾಲ್ ತಂಡವನ್ನು ರದ್ದು ಮಾಡಿತು. ಅಭಿಮಾನಿಗಳು, ವಿದ್ಯಾರ್ಥಿಗಳು ಸಿಟ್ಟಿಗೆದ್ದರು, ಪ್ರತಿಭಟಿಸಿದರು. ಸಿಟ್ಟು ಅಲ್ಲಿಗೇ ನಿಂತಿದ್ದರೆ ನಾನು ಈ ಕಥೆ ಹೇಳುತ್ತಿರಲಿಲ್ಲ. ಅವರು ಆಡಳಿತದ ಲೆಕ್ಕವನ್ನು ಪ್ರಶ್ನಿಸಿದರು. ಜೊತೆಗೆ ಊರಿನ ವ್ಯಾಪಾರಿಗಳು, ಹಳೆ ವಿದ್ಯಾರ್ಥಿಗಳು ಕೈಯಿಂದ ಹಣ ಕೊಡಲು ಮುಂದೆ ಬಂದರು. 2015ರ ಜೂನ್ ತಿಂಗಳಲ್ಲಿ ಅದೇ ಆಡಳಿತ ತನ್ನ ತೀರ್ಮಾನವನ್ನು ಹಿಂತೆಗೆದುಕೊಂಡಿತು. 2017ರಲ್ಲಿ ತಂಡ ಮತ್ತೆ ಮೈದಾನಕ್ಕಿಳಿಯಿತು. ಕೂಗಿದ್ದರಿಂದ ಮಾತ್ರ ಬಾಗಿಲು ತೆರೆಯಲಿಲ್ಲ. ಕೂಗಿದವರು ಭಾರಕ್ಕೂ ಹೆಗಲು ಕೊಟ್ಟದ್ದರಿಂದ ತೆರೆಯಿತು.

ಈಗ ನಮ್ಮ ಕಡೆಯ ಕನ್ನಡಿಯನ್ನೂ ಸ್ವಲ್ಪ ನೋಡಿಕೊಳ್ಳೋಣ. ಒಬ್ಬ ಪ್ರಾಂಶುಪಾಲರ ಕುರ್ಚಿಯಲ್ಲಿ ಕುಳಿತು ಯೋಚಿಸಿ. ಫುಟ್ಬಾಲ್ ಪಂದ್ಯವೆಂದರೆ ರೆಫ್ರಿಯ ಮೇಲೆ ಬೈಗುಳ, ಕೊನೆಗೆ ಹೊಡೆದಾಟ, ಮರುದಿನ ಪೊಲೀಸ್ ಠಾಣೆ ಎಂಬ ಭಯ ಅವರಿಗಿದ್ದರೆ ಅದು ಪೂರ್ತಿ ಸುಳ್ಳಲ್ಲ. ಸೆಮಿಸ್ಟರ್ ಪದ್ಧತಿಯಲ್ಲಿ ಹಾಜರಿ, ಆಂತರಿಕ ಅಂಕ ಎಲ್ಲದಕ್ಕೂ ಅವರು ಉತ್ತರಿಸಬೇಕು. ಆಟದ ಹೆಸರಲ್ಲಿ ತರಗತಿ ತಪ್ಪಿಸಿ ಪೇಟೆ ಸುತ್ತುವವರನ್ನೂ ಅವರು ಕಂಡಿದ್ದಾರೆ. ಪಂದ್ಯದ ದಿನ ಬೈಕಿನಲ್ಲಿ ಮೆರವಣಿಗೆ ಮಾಡುವ ನೂರು ಮಂದಿಯಲ್ಲಿ, ಮೈದಾನದ ಕಲ್ಲು ಹೆಕ್ಕಲು, ಗೆರೆ ಹಾಕಲು ಬರುವವರು ಎಷ್ಟು? ಅಧಿಕಾರ ಒಂದು ಅಮಾನತ್ ಎಂದು ನಾವು ಕಾಲೇಜಿನ ಹಿರಿಯರಿಗೆ ನೆನಪಿಸುತ್ತೇವೆ, ಸರಿ. ಅಭಿಮಾನವೂ ಒಂದು ಅಮಾನತ್ ಅಲ್ಲವೇ?

ವಿದ್ಯಾರ್ಥಿ ಮಿತ್ರರೇ, ಹೈದರಾಬಾದಿನ ಸೈಯದ್ ಅಬ್ದುಲ್ ರಹೀಮ್ ಅವರ ಹೆಸರನ್ನು ನೀವು ಬಲ್ಲಿರಿ. 2024ರಲ್ಲಿ ಅವರ ಬದುಕಿನ ಮೇಲೆ 'ಮೈದಾನ್' ಎಂಬ ಹಿಂದಿ ಚಿತ್ರ ಬಂತು. ಅವರು ಉಸ್ಮಾನಿಯಾ ವಿಶ್ವವಿದ್ಯಾನಿಲಯದಲ್ಲಿ ಓದುತ್ತಲೇ ಆಡಿದವರು, ವೃತ್ತಿಯಲ್ಲಿ ಶಾಲಾ ಮಾಸ್ತರರು. 1952ರ ಹೆಲ್ಸಿಂಕಿ ಒಲಿಂಪಿಕ್ಸ್‌ನಲ್ಲಿ ಅವರು ತರಬೇತುಗೊಳಿಸಿದ ಭಾರತ ತಂಡ ಯುಗೋಸ್ಲಾವಿಯದ ಎದುರು 10-1ರಿಂದ ಸೋತಿತು. ಆ ಒಂದು ಗೋಲು ಹೊಡೆದವರು ನಮ್ಮ ಬೆಂಗಳೂರಿನ ಅಹ್ಮದ್ ಖಾನ್. ಅಂಥ ಸೋಲಿನ ನಂತರ ರಹೀಮ್ ಸಾಹೇಬರು ಯಾರನ್ನೂ ದೂರುತ್ತ ಕುಳಿತುಕೊಳ್ಳಲಿಲ್ಲ. ಆಟಗಾರರು ತಮ್ಮ ದುರ್ಬಲ ಕಾಲಿನಿಂದಲೇ ಆಡಬೇಕೆಂಬ ಪಂದ್ಯಗಳನ್ನು ಏರ್ಪಡಿಸಿ ಎರಡೂ ಕಾಲುಗಳನ್ನು ಪಳಗಿಸಿದರು. ಇದಕ್ಕೆ ಕೋಟಿ ರೂಪಾಯಿ ಬೇಕಿರಲಿಲ್ಲ, ಮಾಸ್ತರನ ತಾಳ್ಮೆ ಬೇಕಿತ್ತು. 1956ರ ಮೆಲ್ಬರ್ನ್ ಒಲಿಂಪಿಕ್ಸ್‌ನಲ್ಲಿ ಭಾರತ ನಾಲ್ಕನೇ ಸ್ಥಾನ ಪಡೆಯಿತು. 1962ರಲ್ಲಿ ಜಕಾರ್ತದ ಏಷ್ಯನ್ ಗೇಮ್ಸ್‌ನಲ್ಲಿ, ಕ್ಯಾನ್ಸರಿನಿಂದ ಬಳಲುತ್ತಿದ್ದ ಅವರ ಮಾರ್ಗದರ್ಶನದಲ್ಲೇ, ದಕ್ಷಿಣ ಕೊರಿಯಾವನ್ನು 2-1ರಿಂದ ಸೋಲಿಸಿ ಚಿನ್ನ ಗೆದ್ದಿತು. ಮರುವರ್ಷ ಅವರು ತೀರಿಕೊಂಡರು. ಆ ಚಿನ್ನ ಭಾರತದ ಪುರುಷರ ಫುಟ್ಬಾಲಿಗೆ ಮತ್ತೆ ಸಿಕ್ಕಿಲ್ಲ.

ಹಾಗಾದರೆ ನಾವೇನು ಮಾಡೋಣ? ನನ್ನ ಕೆಲವು ಸೂಚನೆಗಳನ್ನು ಸಂಘದ ಮುಂದಿಡುತ್ತೇನೆ.

ಒಂದನೆಯದು, ಕೇಳುವ ಕ್ರಮ. ಸಿಟ್ಟನ್ನು ಬರವಣಿಗೆಗೆ ತನ್ನಿ. ಶೈಕ್ಷಣಿಕ ವರ್ಷದ ಆರಂಭದಲ್ಲೇ ಪ್ರಾಂಶುಪಾಲರಿಗೆ ಮರ್ಯಾದೆಯ ಪತ್ರ ಬರೆಯಿರಿ: ಪಂದ್ಯಾಟದ ದಿನ ಮೊದಲೇ ತಿಳಿಸಿ, ಶುಕ್ರವಾರದ ಪಂದ್ಯವನ್ನು ಜುಮಾದ ನಂತರ ಇಡಿ, ಆಯ್ಕೆಯನ್ನು ಎಲ್ಲರೆದುರು ನಡೆಸಿ. ಪೋಷಕರ ಸಭೆಯಲ್ಲಿ ಕ್ರೀಡಾ ಶುಲ್ಕದ ಲೆಕ್ಕ ಕೇಳಿ. ಸರಕಾರಿ ಸಂಸ್ಥೆಗಳಲ್ಲಿ ಉತ್ತರ ಸಿಗದಿದ್ದರೆ 2005ರ ಮಾಹಿತಿ ಹಕ್ಕು ಕಾಯ್ದೆ ಇದೆ. 10 ರೂಪಾಯಿ ಶುಲ್ಕ, 30 ದಿನದ ಗಡುವು. ಇದು ಜಗಳವಲ್ಲ, ನಾಗರಿಕನ ಹಕ್ಕು.

ಎರಡನೆಯದು, ನಾಕೌಟಿನ ಬದಲು ಲೀಗ್. ಮೂರು ತಾಲೂಕುಗಳ ಎಂಟು ಕಾಲೇಜುಗಳು ಒಪ್ಪಿದರೆ ಪ್ರತಿ ತಂಡಕ್ಕೂ ಒಂದರ ಬದಲು ಏಳು ಪಂದ್ಯ ಸಿಗುತ್ತದೆ. ಒಟ್ಟು 28 ಪಂದ್ಯ. ಭಾನುವಾರಕ್ಕೆ ನಾಲ್ಕರಂತೆ ಏಳು ವಾರ. ಪಾಠಕ್ಕೆ ಒಂದು ದಿನವೂ ನಷ್ಟವಿಲ್ಲ. ಸೋತ ತಂಡಕ್ಕೆ ಮುಂದಿನ ವಾರ ತಿದ್ದಿಕೊಳ್ಳುವ ಅವಕಾಶ.

ಮೂರನೆಯದು, ಗುರುಗಳು. ಪ್ರತಿ ವರ್ಷ ನಮ್ಮ ಇಬ್ಬರು ಯುವಕರಿಗೆ ಅಖಿಲ ಭಾರತ ಫುಟ್ಬಾಲ್ ಫೆಡರೇಶನಿನ ಡಿ-ಲೈಸೆನ್ಸ್ ತರಬೇತಿಯ ಖರ್ಚನ್ನು, ಇಬ್ಬರಿಗೆ ರೆಫ್ರಿ ತರಬೇತಿಯ ಖರ್ಚನ್ನು ಸಂಘ ವಹಿಸಲಿ. ಗಲ್ಫಿನಲ್ಲಿರುವ ನಮ್ಮ ಸದಸ್ಯರು ಟ್ರೋಫಿಗೆ ಕೊಡುವ ಹಣದಲ್ಲಿ ಸ್ವಲ್ಪವನ್ನು ಇದಕ್ಕೆ ಕೊಡಲಿ. ಎತ್ತರದ ಟ್ರೋಫಿ ಕಪಾಟಿನಲ್ಲಿ ಧೂಳು ತಿನ್ನುತ್ತದೆ. ಒಬ್ಬ ಕೋಚ್ ಇಪ್ಪತ್ತು ವರ್ಷ ಮಕ್ಕಳನ್ನು ತಯಾರು ಮಾಡುತ್ತಾನೆ.

ನಾಲ್ಕನೆಯದು, ಶಿಸ್ತಿನ ಶರತ್ತು. ಹಾಜರಿ ಇಲ್ಲದವನಿಗೆ, ರೆಫ್ರಿಗೆ ಬೈದವನಿಗೆ ಸಂಘದ ನೆರವಿಲ್ಲ. ಪಂದ್ಯಕ್ಕೆ ಬರುವ ಅಭಿಮಾನಿಗಳ ಹೊಣೆಯನ್ನು ಆಯಾ ಊರಿನ ಹಿರಿಯರೇ ಹೊರಲಿ.

ಐದನೆಯದು, ನಮ್ಮ ಹೆಣ್ಣುಮಕ್ಕಳು. ಶರೀರಕ್ಕೂ ನಮ್ಮ ಮೇಲೆ ಹಕ್ಕಿದೆ ಎಂದು ಕಲಿಸಿದ ಪ್ರವಾದಿ (ಸ) ಪತ್ನಿ ಆಯಿಶಾ (ರ) ಅವರೊಂದಿಗೆ ಓಟದ ಸ್ಪರ್ಧೆ ನಡೆಸಿದ್ದನ್ನು ನಾವು ಮದ್ರಸದಲ್ಲೇ ಕೇಳಿದ್ದೇವೆ. ಸೂಕ್ತ ಉಡುಪು, ಸೂಕ್ತ ಜಾಗ, ಮಹಿಳಾ ತರಬೇತುದಾರರು ಇದ್ದರೆ ನಮ್ಮ ಹೆಣ್ಣುಮಕ್ಕಳ ಆಟಕ್ಕೆ ಯಾರ ಆಕ್ಷೇಪವೂ ಇರಬೇಕಾಗಿಲ್ಲ.

ಹಿರಿಯರೇ, ವಿಶ್ವವಿದ್ಯಾನಿಲಯದ ನಾಯಕತ್ವವನ್ನು ಪ್ರಶ್ನಿಸುವ ಹಕ್ಕು ನಮ್ಮ ಮಕ್ಕಳಿಗಿದೆ. ಆ ಹಕ್ಕಿಗೆ ನಾವು ಬೆಂಬಲವಾಗಿ ನಿಲ್ಲೋಣ. ಆದರೆ ಪ್ರಶ್ನೆ ಕೇಳುವವನ ಕೈಯಲ್ಲಿ ಒಂದು ಸಲಿಕೆಯೂ ಇರಲಿ, ಮೈದಾನ ಸಮತಟ್ಟು ಮಾಡಲು. ಆಗ ಕಚೇರಿಯಲ್ಲಿ ಕುಳಿತವರಿಗೂ ಉತ್ತರ ಕೊಡದೆ ಇರಲಾಗದು. ಈ ವರ್ಷ ಎಂಟು ಕಾಲೇಜು ಸಿಗದಿದ್ದರೆ ನಾಲ್ಕರಿಂದ ಆರಂಭಿಸೋಣ, ನಾಲ್ಕೂ ಸಿಗದಿದ್ದರೆ ಎರಡರಿಂದ. ಈ ಸಭೆ ಮುಗಿದ ಕೂಡಲೇ ಹೆಸರು ಕೊಡಬಯಸುವ ವಿದ್ಯಾರ್ಥಿಗಳು ಕಾರ್ಯದರ್ಶಿಯವರನ್ನು ಕಾಣಿರಿ.

ನಮ್ಮ ಮಕ್ಕಳಿಗೆ ಉಪಯುಕ್ತವಾದ ವಿದ್ಯೆಯನ್ನೂ ದೃಢವಾದ ಆರೋಗ್ಯವನ್ನೂ ಒಳ್ಳೆಯ ನಡತೆಯನ್ನೂ ಅಲ್ಲಾಹನು ಕರುಣಿಸಲಿ. ಆಮೀನ್. ವಸ್ಸಲಾಂ.