ಕಥೆ ಮುಂದಿನ ಭಾಗದಲ್ಲಂತೆ!

(ಯುವಕರ ಅಧ್ಯಯನ ಶಿಬಿರದಲ್ಲಿ ಮಾಡಿದ ಭಾಷಣದ ಬರಹರೂಪ)



ಕೂಲಿ, ನೀರು, ಬಗರ್‌ಹುಕುಂ ಜಮೀನು ಇವುಗಳ ಮೇಲೆ ಬೆಳಗಿನಿಂದ ಗಂಭೀರವಾದ ಮಾತುಗಳಾಗಿವೆ. ಸಂಜೆಯ ಹೊತ್ತಿಗೆ ನನಗೆ ಸಿನಿಮಾದ ವಿಷಯ ಕೊಟ್ಟಿದ್ದಾರೆ. ದಣಿದವರಿಗೆ ಕೊಂಚ ಹಗುರವಾಗಲೆಂದು ಕಾರ್ಯದರ್ಶಿಗಳು ಯೋಚಿಸಿರಬೇಕು. ನನಗಂತೂ ಇದು ಹಗುರವಾದ ವಿಷಯವಾಗಿ ಕಾಣುವುದಿಲ್ಲ.

2024ರ ಜೂನ್ 27ರಂದು 'ಕಲ್ಕಿ 2898 ಎ.ಡಿ.' ತೆರೆಗೆ ಬಂತು. ಮರುವಾರ ನನ್ನ ತಂಗಿಯ ಮಗನನ್ನು ಕರೆದುಕೊಂಡು ಹೋಗಿ ನೋಡಿದೆ. ಹಿಂದಿರುಗುವಾಗ ಬಸ್ಸಿನಲ್ಲಿ ಹುಡುಗ ಮಾತಾಡುವ ಕಾರು, ತಲೆಕೆಳಗಾಗಿ ನಿಂತ ಪಿರಮಿಡ್ಡು, ದೈತ್ಯನಂಥ ಅಶ್ವತ್ಥಾಮ ಎಲ್ಲವನ್ನೂ ಒಂದೂ ಬಿಡದೆ ವರ್ಣಿಸಿದ. "ಅದೆಲ್ಲ ಸರಿ ಕಣೋ, ಕಥೆ ಏನು?" ಎಂದೆ. ಸ್ವಲ್ಪ ಹೊತ್ತು ಕಿಟಕಿಯಾಚೆ ನೋಡಿ, "ಅದು ಮುಂದಿನ ಭಾಗದಲ್ಲಿ ಗೊತ್ತಾಗತ್ತಂತೆ ಮಾವ" ಎಂದ.

ನಾನು ಬೆರಗಿನ ವಿರೋಧಿಯಲ್ಲ. ನಮ್ಮ ಬಯಲಾಟದಲ್ಲಿ ರಾತ್ರಿ ಹೊತ್ತು ಮೀರಿದ ಮೇಲೆ ಪಂಜಿನ ಬೆಳಕಿನಲ್ಲಿ, ರಾಳದ ಪುಡಿ ಭಗ್ಗೆಂದು ಉರಿಯುವಾಗ ಬಣ್ಣದ ವೇಷ ಒಡ್ಡೋಲಗ ಕೊಟ್ಟರೆ ಮಕ್ಕಳು ಅಮ್ಮನ ಸೆರಗಿಗೆ ಮುಖ ಮುಚ್ಚಿಕೊಳ್ಳುತ್ತಿದ್ದರು. ಗುಬ್ಬಿ ಕಂಪನಿಯ 'ಕುರುಕ್ಷೇತ್ರ'ದಲ್ಲಿ ನಿಜವಾದ ಆನೆ ಕುದುರೆಗಳೇ ರಂಗಕ್ಕೆ ಬಂದವು. ಅದನ್ನು ನೋಡಲು ಗಾಡಿ ಕಟ್ಟಿಕೊಂಡು ಹೋದವರು ದಡ್ಡರಾಗಿರಲಿಲ್ಲ. ಆದರೆ ಇದೇ ಜನ ಮಳೆಗಾಲದ ತಾಳಮದ್ದಲೆಗೂ ಹೋಗುತ್ತಿದ್ದರು. ಅಲ್ಲಿ ವೇಷವಿಲ್ಲ, ಕುಣಿತವಿಲ್ಲ; ಪಂಚೆ ಉಟ್ಟವರಿಬ್ಬರು ಚಾಪೆಯ ಮೇಲೆ ಎದುರುಬದುರು ಕೂತು ಕರ್ಣನಾಗಿ ಕೃಷ್ಣನಾಗಿ ವಾದಿಸುತ್ತಾರೆ. ಕೇಳುತ್ತಾ ಕೂತವರಿಗೆ ಬೆಳಕು ಹರಿದದ್ದೇ ತಿಳಿಯುವುದಿಲ್ಲ.

ಬ್ರಹ್ಮಾಸ್ತ್ರದ ಕಥೆಯನ್ನೇ ತೆಗೆದುಕೊಳ್ಳಿ. ಮಹಾಭಾರತದ ಸೌಪ್ತಿಕ ಪರ್ವದಲ್ಲಿ ಅಶ್ವತ್ಥಾಮ ಆ ಮಹಾಸ್ತ್ರವನ್ನು ಬಿಟ್ಟದ್ದು ಯಾವುದರಿಂದ? ಒಂದು ಹುಲ್ಲುಕಡ್ಡಿಯಿಂದ! ಅರ್ಜುನನೂ ಎದುರಾಗಿ ಬಿಟ್ಟ. ಲೋಕ ಸುಟ್ಟುಹೋಗುತ್ತದೆಂದು ವ್ಯಾಸ ನಾರದರು ನಡುವೆ ಬಂದು ನಿಂತರು. ಅರ್ಜುನ ತನ್ನದನ್ನು ಹಿಂದಕ್ಕೆ ಕರೆದುಕೊಂಡ; ವ್ರತನಿಷ್ಠೆಯಿಂದ ಅವನಿಗೆ ಆ ಶಕ್ತಿ ಇತ್ತು. ಅಶ್ವತ್ಥಾಮನಿಗೆ ಬಿಡಲು ಗೊತ್ತಿತ್ತು, ಹಿಂದಕ್ಕೆ ಕರೆಯುವ ಶಕ್ತಿ ಇರಲಿಲ್ಲ. ಕೊನೆಗೆ ಅದನ್ನು ಪಾಂಡವರ ಹೆಂಗಸರ ಗರ್ಭಕ್ಕೆ ತಿರುಗಿಸಿದ. ಹಣೆಯ ಮಣಿ ಹೋಯಿತು. ಮೂರು ಸಾವಿರ ವರ್ಷ ಒಂಟಿಯಾಗಿ ಅಲೆಯುವ ಶಾಪ ತಗುಲಿತು. ಬಾಂಬು ಕಟ್ಟಿ ಗುಡ್ಡೆ ಹಾಕಿರುವ ಈ ಕಾಲದಲ್ಲಿ ಇದಕ್ಕಿಂತ ಮೈನಡುಗಿಸುವ ಕಥೆ ಬೇರೆ ಬೇಕೆ? ಇಲ್ಲಿ ಅಸ್ತ್ರಕ್ಕೆ ನಿಯಮವಿದೆ, ಬೆಲೆಯಿದೆ. ಆ ಬೆಲೆಯನ್ನು ಯಾರು ತೆರುತ್ತಾರೆಂಬುದೇ ಕಥೆ.

ಇನ್ನು 2022ರ ಸೆಪ್ಟೆಂಬರಿನಲ್ಲಿ ಬಂದ ಅಯಾನ್ ಮುಖರ್ಜಿಯವರ 'ಬ್ರಹ್ಮಾಸ್ತ್ರ'. ಸುಮಾರು 400 ಕೋಟಿ ರೂಪಾಯಿ ಖರ್ಚೆಂದು ಪತ್ರಿಕೆಗಳು ಬರೆದವು. ಮೂರು ತುಂಡಾದ ಅಸ್ತ್ರ, ಅದನ್ನು ಕಾಯುವ ಗುಪ್ತ ಬಳಗ, ಬೆಂಕಿ ಸುಡದ ಅನಾಥ ಹುಡುಗ. ಕಲ್ಪನೆ ಕೆಟ್ಟದ್ದಲ್ಲ. ಬೆಂಕಿಯ ಚಿತ್ರಣ ನಿಜಕ್ಕೂ ಸೊಗಸಾಗಿದೆ. ಆದರೆ ಯಾವ ಅಸ್ತ್ರ ಏನು ಮಾಡುತ್ತದೆಂದು ಒಬ್ಬರಿಗೊಬ್ಬರು ಪಾಠ ಒಪ್ಪಿಸುವುದರಲ್ಲೇ ಮಾತು ಮುಗಿಯುತ್ತದೆ. ನಾಯಕ ನಾಯಕಿ ನೋಡಿದ ಕ್ಷಣದಲ್ಲೇ ಒಲಿದರು, ಆ ಒಲವೇ ಕೊನೆಗೆ ಬೆಂಕಿಯನ್ನು ಆರಿಸಿತು. ಒಲವು ಬೆಳೆದ ಬಗೆಯನ್ನು ತೋರಿಸದೆ ಅದರಿಂದ ಬೆಂಕಿ ಆರಿಸಿದರೆ ನಂಬುವುದು ಹೇಗೆ? ನಾಯಕಿ "ಶಿವಾ, ಶಿವಾ" ಎಂದು ಕೂಗುವುದನ್ನು ಎಣಿಸಿ ಜನ ನಕ್ಕರು. ಅದು ಮೊದಲನೆಯ ಭಾಗ. ಎರಡನೆಯದು 2025 ಮುಗಿದರೂ ಬರಲಿಲ್ಲ.

'ಕಲ್ಕಿ'ಯ ವಿಷಯದಲ್ಲಿ ನನ್ನ ಸಂಕಟ ಹೆಚ್ಚು, ಏಕೆಂದರೆ ಅಲ್ಲಿ ಒಳ್ಳೆಯ ಕಥೆಯ ಬೀಜವಿತ್ತು. ಗಂಗೆ ಬತ್ತಿದೆ. ಕಾಶಿ ದೂಳು ತುಂಬಿದ ಕೊಳೆಗೇರಿಯಾಗಿದೆ. ನೀರು, ಹಸಿರು ಎಲ್ಲವನ್ನೂ ಹೀರಿಕೊಂಡು 'ಕಾಂಪ್ಲೆಕ್ಸ್' ಎಂಬುದು ಮೇಲೆ ನಿಂತಿದೆ. ಹತ್ತು ಲಕ್ಷ ಯೂನಿಟ್ ಗಳಿಸಿದವನಿಗೆ ಮಾತ್ರ ಒಳಗೆ ಪ್ರವೇಶ. ಟ್ಯಾಂಕರಿನ ಹಿಂದೆ ಕೊಡ ಹಿಡಿದು ಓಡಿದ ಹೆಂಗಸರಿಗೆ ಇದನ್ನು ಬಿಡಿಸಿ ಹೇಳಬೇಕೆ? ನಾಗ್ ಅಶ್ವಿನ್ ಅವರ ಕಣ್ಣು ಇಲ್ಲಿಯವರೆಗೂ ಹೋಗಿದೆ, ಅದಕ್ಕೆ ಶಹಬ್ಬಾಸ್ ಹೇಳೋಣ. ಮೊದಲಲ್ಲಿ ಬರುವ ಕುರುಕ್ಷೇತ್ರದ ಶಾಪದ ದೃಶ್ಯವೂ ಚೆನ್ನಾಗಿದೆ. ಆದರೆ ಆಮೇಲೆ? ನಾಯಕನ ತಮಾಷೆ, ಕಾರಿನ ಕಸರತ್ತು, ಸುಮ್ಮನೆ ಬಂದು ಹೋಗುವ ಪ್ರಸಿದ್ಧ ಮುಖಗಳು. ಕೆಳಗೆ ಬಾಯಾರಿ ನಿಂತ ಜನ ಕೊನೆಯವರೆಗೂ ಗುಂಪಾಗಿಯೇ ಉಳಿದರು. ಅವರಲ್ಲೊಬ್ಬ ಬಾಯಿ ತೆರೆದು ತನ್ನ ಬಾಳನ್ನು ಹೇಳಿಕೊಂಡಿದ್ದರೆ ಆ ಪಿರಮಿಡ್ಡಿಗೆ ಅರ್ಥ ಬರುತ್ತಿತ್ತು.

ದುಡ್ಡು ಹಾಕುವವರ ಲೆಕ್ಕಾಚಾರ 'ಆದಿಪುರುಷ್'ನಲ್ಲಿ ಬಯಲಾಯಿತು. 2022ರ ಅಕ್ಟೋಬರಿನಲ್ಲಿ ಟೀಸರ್ ತೋರಿಸಿದಾಗ ಚಿತ್ರಿಕೆ ಚೆನ್ನಾಗಿಲ್ಲವೆಂದು ಜನ ನಕ್ಕರು. ಕೂಡಲೇ ಜನವರಿಯ ಬಿಡುಗಡೆ ಜೂನ್ 16, 2023ಕ್ಕೆ ಮುಂದೆ ಹೋಯಿತು. ಚಿತ್ರಿಕೆ ತಿದ್ದಲು ಐದು ತಿಂಗಳು! ಮಾತನ್ನು ತಿದ್ದಲು ಯಾರಿಗೂ ತೋಚಲಿಲ್ಲ. ಬಿಡುಗಡೆಯಾದ ಮೇಲೆ, ಹನುಮಂತನ ಬಾಯಲ್ಲಿ ಬೀದಿ ಪುಂಡರ ಮಾತು ಕೇಳಿ ಜನ ಸಿಟ್ಟಾದಾಗ, ಕೆಲವೇ ದಿನಗಳಲ್ಲಿ ಸಂಭಾಷಣೆಗೆ ತೇಪೆ ಹಾಕಿದರು. ಚಿತ್ರಿಕೆಗೆ ತಿಂಗಳುಗಟ್ಟಲೆ, ಮಾತಿಗೆ ದಿನಗಳು!

ಹೀಗೇಕೆ? ನೂರಾರು ಕೋಟಿ ಹಾಕಿದವನು ಮೊದಲ ಮೂರು ದಿನದಲ್ಲೇ ದೊಡ್ಡ ಪಾಲನ್ನು ಬಾಚಿಕೊಳ್ಳಬೇಕು. ಮೂರು ದಿನಕ್ಕೆ ಜನರನ್ನು ಎಳೆದು ತರಲು ಜಾಹಿರಾತಿನ ಎರಡು ನಿಮಿಷದ ಬೆರಗು ಸಾಕು. ಕಥೆ ಚೆನ್ನಾಗಿದೆಯೆಂಬ ಸುದ್ದಿ ಬಾಯಿಂದ ಬಾಯಿಗೆ ಹರಡಲು ವಾರಗಳು ಬೇಕು. ಅಷ್ಟು ತಾಳ್ಮೆ ಬಂಡವಾಳಕ್ಕಿಲ್ಲ. ಐದು ಭಾಷೆಗಳಲ್ಲಿ ಒಮ್ಮೆಗೇ ಮಾರಬೇಕಾದ್ದರಿಂದ ಮಾತಿನಲ್ಲಿ ಊರಿನ ವಾಸನೆಯೂ ಉಳಿಯುವುದಿಲ್ಲ. ಆ ಬೆರಗನ್ನಾದರೂ ಕಟ್ಟಿದವರು ಯಾರು? ಹಗಲಿರುಳು ಕಂಪ್ಯೂಟರಿನ ಮುಂದೆ ಕೂತು ಒಂದೊಂದು ಚೌಕಟ್ಟನ್ನೂ ತಿದ್ದುವ ಹುಡುಗ ಹುಡುಗಿಯರು. ಅವರ ಹೆಸರು ತೆರೆಯ ಮೇಲೆ ಬರುವಾಗ ನಾವು ಎದ್ದು ಬಾಗಿಲ ಕಡೆ ಹೋಗಿರುತ್ತೇವೆ.

ಟಿಕೆಟ್ಟಿನ ಮಾತನ್ನೂ ಆಡಿಬಿಡುತ್ತೇನೆ. ರಾಜ್ಯ ಸರ್ಕಾರ 2025ರ ಸೆಪ್ಟೆಂಬರಿನಲ್ಲಿ ಟಿಕೆಟ್ ದರಕ್ಕೆ 200 ರೂಪಾಯಿಯ ಮಿತಿ ಹಾಕಿತು. ಅದೇ ತಿಂಗಳು ಹೈಕೋರ್ಟಿನ ತಡೆಯಾಜ್ಞೆ ಬಂತು. ಆ 200ರ ಲೆಕ್ಕದಲ್ಲೇ ಗಂಡ, ಹೆಂಡತಿ, ಎರಡು ಮಕ್ಕಳಿಗೆ 800 ರೂಪಾಯಿ. ಬಸ್ ಛಾರ್ಜು ಬೇರೆ. ಪುರಾಣವೆಂಬುದು ಊರಿನ ಗೋಮಾಳ. ಯಾರ ಹೆಸರಿಗೂ ಖಾತೆಯಿಲ್ಲ. ಅದಕ್ಕೆ ಬೇಲಿ ಹಾಕಿ ಬಾಗಿಲಲ್ಲಿ ಕಾಸು ವಸೂಲಿ ಮಾಡುವವರು ಒಳಗೆ ಮೇವನ್ನಾದರೂ ಉಳಿಸಿರಬೇಡವೆ?

ಬೆರಗು ಮತ್ತು ಕಥೆ ಒಟ್ಟಿಗೆ ಬಾಳಲಾರವೆಂದು ವಾದಿಸುವವರಿಗೆ 1957ರ ತೆಲುಗಿನ 'ಮಾಯಾಬಜಾರ್' ತೋರಿಸುತ್ತೇನೆ. ಮಹಾಭಾರತದ ಚಿತ್ರ, ಆದರೆ ಪಾಂಡವರೈವರಲ್ಲಿ ಒಬ್ಬನೂ ಕಾಣಿಸಿಕೊಳ್ಳುವುದಿಲ್ಲ! ಅವರು ರಾಜ್ಯ ಕಳೆದುಕೊಂಡರು. ಬಡವರಾದ ನೆಂಟರಿಗೆ ಹೆಣ್ಣು ಕೊಡುತ್ತೇವೆಂಬ ಹಳೆಯ ಮಾತು ಮುರಿಯಿತು. ನಮ್ಮ ಮನೆಗಳಲ್ಲಿ ನಡೆಯುವ ಸಂಗತಿ. ಘಟೋತ್ಕಚನ ಮಾಯೆಯೆಲ್ಲ ಈ ಅವಮಾನವನ್ನು ತೀರಿಸಲು ಬಂದದ್ದು. ಲಾಡುಗಳು ತಾವೇ ಹಾರಿ ಅವನ ಬಾಯಿಗೆ ಬೀಳುತ್ತವೆ, ಎಲ್ಲರೂ ನಗುತ್ತಾರೆ. ಆದರೆ ಸತ್ಯಪೀಠದ ಮೇಲೆ ಕಾಲಿಟ್ಟ ಶಕುನಿ ತನ್ನ ಕಪಟವನ್ನು ತಾನೇ ಒದರುವಾಗ, ಆ ಮಾಯೆ ಇಲ್ಲದೆ ಕಥೆ ಮುಂದೆ ಹೋಗುವಂತೆಯೇ ಇಲ್ಲ.

ಬರುವ ಶನಿವಾರ ಸಂಜೆ ಏಳಕ್ಕೆ ಇದೇ ಅಂಗಳದಲ್ಲಿ ಪರದೆ ಕಟ್ಟಿ ಅದನ್ನು ತೋರಿಸುವ ಏರ್ಪಾಡಾಗಿದೆ. ಟಿಕೆಟ್ ಇಲ್ಲ. ತೆಲುಗು ಬಾರದವರಿಗೆ ನಡುನಡುವೆ ಅರ್ಥ ಹೇಳುವ ಕೆಲಸ ನನ್ನದು. ಮಕ್ಕಳನ್ನು ಕರೆತನ್ನಿ, ಕೂರಲು ಚಾಪೆ ನೀವೇ ತರಬೇಕು.