ವಾದ್ಯ ನುಡಿಸಿದವರ ಹೆಸರು

(ಮಡಿಕೇರಿಯ ಕೂಲಿಕಾರರ ಸಭೆಯಲ್ಲಿ ಮಾಡಿದ ಭಾಷಣ)



ನಮ್ಮೂರಿನ ಒಬ್ಬ ಅಜ್ಜನ ವಿಚಾರ ಹೇಳಿ ಕೂರುತ್ತೇನೆ. ಸೈನ್ಯದ ಬ್ಯಾಂಡಿನಲ್ಲಿ ಕ್ಲಾರಿನೆಟ್ ನುಡಿಸಿ ನಿವೃತ್ತರಾದವರು. ಹೆಸರು ಹೇಳಬೇಡಿ ಎಂದಿದ್ದಾರೆ. ಹೆಸರಿಲ್ಲದೆ ದುಡಿದವರಿಗೆ ಅದೇ ರೂಢಿಯಾಗಿಬಿಡುತ್ತದೆ.

ಕಳೆದ ತಿಂಗಳು ಬೆಂಗಳೂರಿಗೆ, ಮಗಳ ಮನೆಗೆ ಹೋದವರು ತಾವು ಹಿಂದೆ ಇದ್ದ ದಂಡನ್ನೂ ನೋಡಿಕೊಂಡು ಬಂದರು.

"ಒಳಗೆ ಬಿಟ್ಟರೇ, ಅಜ್ಜ?" ಎಂದು ಕೇಳಿದೆ.

"ಬಿಟ್ಟರು ಮೇಷ್ಟ್ರೇ. ಕೂರಿಸಿ ಚಹಾ ಕೊಟ್ಟರು. ಹುಡುಗರು ಅಭ್ಯಾಸ ಮಾಡುತ್ತಿದ್ದರು. ನಾವು ನುಡಿಸಿದ್ದೇ! ಕಾಲು ತಾನಾಗಿ ತಾಳ ಹಾಕಿತು. ಗೋಡೆಯ ಮೇಲೆ ನಮ್ಮ ಕಾಲದ ಪಟವೂ ಇತ್ತು. ಅಧಿಕಾರಿಗಳ ಹೆಸರು ಬರೆದಿದ್ದರು. ನಮ್ಮ ಸಾಲಿನ ಕೆಳಗೆ 'ಬ್ಯಾಂಡ್' ಎಂದಷ್ಟೇ ಇತ್ತು."

ಬ್ಯಾಂಡಿನವರೆಂದರೆ ಬರಿಯ ಮೆರವಣಿಗೆಯವರಲ್ಲ. ಯುದ್ಧ ಬಂದರೆ ವಾದ್ಯ ಕೆಳಗಿಟ್ಟು, ಗಾಯಾಳುಗಳನ್ನು ಸ್ಟ್ರೆಚರಿನಲ್ಲಿ ಹೊರುವುದು ಅವರ ಪಾಲಿನ ಕೆಲಸ. 1971ರಲ್ಲಿ ಈ ಅಜ್ಜನೂ ಹೊತ್ತಿದ್ದಾರೆ.

ಕೊಡಗು ತನ್ನ ಸೇನಾನಿಗಳನ್ನು ಮರೆತಿಲ್ಲ. 1949ರ ಜನವರಿ 15ರಂದು ಸೈನ್ಯದ ಮೊದಲ ಭಾರತೀಯ ಮಹಾದಂಡನಾಯಕರಾದ ಕಾರ್ಯಪ್ಪನವರ ಪ್ರತಿಮೆ ಈ ಊರಿನಲ್ಲಿದೆ. ಜನರಲ್ ತಿಮ್ಮಯ್ಯನವರ 'ಸನ್ನಿ ಸೈಡ್' ಮನೆ 2021ರಲ್ಲಿ ವಸ್ತುಸಂಗ್ರಹಾಲಯವಾಯಿತು. ಆಗಬೇಕಾದದ್ದೇ. ಆದರೆ ಅವರ ಸೈನ್ಯಕ್ಕೆ ಹೆಜ್ಜೆ ಕೊಟ್ಟವರು ಯಾರು? 'ಕದಂ ಕದಂ ಬಢಾಯೇ ಜಾ' ಎಂಬ ನಡೆಗೀತೆ ದೇಶಕ್ಕೆಲ್ಲ ಗೊತ್ತು. ಅದಕ್ಕೆ ರಾಗ ಕಟ್ಟಿದವರು ನೇತಾಜಿಯವರ ಆಜಾದ್ ಹಿಂದ್ ಫೌಜಿನ ರಾಮಸಿಂಗ್ ಠಾಕುರಿ. 2002ರಲ್ಲಿ ತೀರಿಕೊಂಡರು. ಆ ಹೆಸರು ಬಲ್ಲವರು ಈ ಸಭೆಯಲ್ಲಿ ಎಷ್ಟು ಮಂದಿ? ಕೈಯೆತ್ತಿ ನೋಡೋಣ.

ಸೈನ್ಯದ ಮಾತು ಬಿಡಿ, ನಮ್ಮ ಅಂಗಳಕ್ಕೇ ಬನ್ನಿ. ಕೊಡಗಿನಲ್ಲಿ ಮದುವೆಗೂ ವಾಲಗ ಬೇಕು, ಸಾವಿಗೂ ವಾಲಗ ಬೇಕು. ಮೇದರ ಪರೆ ಕೇಳದೆ ಊರಹಬ್ಬ ಕಳೆಕಟ್ಟದು. ನುಡಿಸುವವರು ಯಾರೆಂದರೆ "ವಾಲಗದವರು" ಎನ್ನುತ್ತೇವೆ, ಅಲ್ಲಿಗೆ ಮುಗಿಯಿತು. ಅನ್ಯರನ್ನು ದೂರುತ್ತಿಲ್ಲ. ಎಂಟು ವರ್ಷ ಶಾಲೆಯಲ್ಲಿ ಹಾಜರಿ ಕರೆದವನು ನಾನು. ನನ್ನ ಮದುವೆಗೆ ವಾಲಗ ಊದಿದವರ ಹೆಸರು ಮಾತ್ರ ನನಗೆ ಇಂದಿಗೂ ತಿಳಿಯದು. ಅಜ್ಜನ ಮಾತು ಕೇಳಿದ ರಾತ್ರಿ ನನಗೆ ನಾಚಿಕೆಯಾಯಿತು.

ಆದ್ದರಿಂದ ಮೂರು ಮಾತು. ವಾದ್ಯದವರ ಕೂಲಿಯನ್ನು ಮುಂಚೆಯೇ ಗೊತ್ತುಮಾಡಿ, ಕೆಲಸ ಮುಗಿದ ಕೂಡಲೆ ಕೈಗೆ ಕೊಡಿ. ಊಟಕ್ಕೆ ನಿಮ್ಮ ಪಂಕ್ತಿಯಲ್ಲೇ ಕೂರಿಸಿ. ಹೆಸರು ಕೇಳಿ, ಹೆಸರು ಹಿಡಿದು ಕರೆಯಿರಿ. ಮೊದಲನೆಯದು ಕೂಲಿಯ ಹಕ್ಕು. ಉಳಿದೆರಡು ಮನುಷ್ಯನ ಹಕ್ಕು.

ನಮ್ಮ ಮುಂದಿನ ಸಭೆಗೆ ವಾಲಗವಿರುತ್ತದೆ. ಅವರು ಒಪ್ಪಿದರೆ, ಕರಪತ್ರದಲ್ಲಿ ನನ್ನ ಹೆಸರಿಗಿಂತ ಮೇಲೆ ಅವರ ಹೆಸರು ಅಚ್ಚಾಗಲಿ.