ಅಂಜಿಕೆಗೂ ಅಭ್ಯಾಸ ಬೇಕು

ದೊಡ್ಡ ಪಂದ್ಯದ ದಿನ ಕೈ ನಡುಗುವ ಆಟಗಾರನಿಗೆ ಎಲ್ಲರೂ ಧೈರ್ಯ ಹೇಳುತ್ತೇವೆ. ಆ ಹೊತ್ತಿನಲ್ಲಿ ಮಾತು ಕೆಲಸಕ್ಕೆ ಬರುವುದು ಕಡಿಮೆ. ಅಂಜಿಕೆಯನ್ನೇ ದಿನದಿನದ ತಾಲೀಮಿನೊಳಗೆ ತಂದು ರೂಢಿ ಮಾಡಿಸಬೇಕೆಂದು ನಾನು ನಂಬಿದ್ದೇನೆ. ಹೀಗೆ ಪಳಗಿಸುವ ವಿದ್ಯೆ ನಮ್ಮ ತುಮಕೂರು ಜಿಲ್ಲೆಗೆ ಹೊಸದಲ್ಲ. ಟಿಪ್ಪುವಿನ ಕಾಲದ ಕುಣಿಗಲ್ ಕುದುರೆ ಫಾರಂ ಮೊದಲು ಇದ್ದದ್ದು ದಂಡಿಗಾಗಿ, ಆಮೇಲೆ ರೇಸಿಗಾಗಿ. ದಂಡಿನ ಕುದುರೆಗೆ ಗುಂಡಿನ ಸದ್ದನ್ನು ಮೊದಲು ದೂರದಿಂದ ಕೇಳಿಸಿ, ಬರುಬರುತ್ತಾ ಹತ್ತಿರ ತರುವುದು ಹಳೆಯ ಕ್ರಮ. ರೇಸಿನ ಕುದುರೆಗೂ ಸ್ಟಾರ್ಟಿಂಗ್ ಗೇಟಿನ ಇಕ್ಕಟ್ಟನ್ನು ಓಟಕ್ಕೆ ಮುಂಚೆಯೇ ಹಂತಹಂತವಾಗಿ ಪರಿಚಯ ಮಾಡಿಸುತ್ತಾರೆ.

ಮನುಷ್ಯರ ವಿಷಯಕ್ಕೆ ಬಂದರೆ, 1884ರಲ್ಲಿ ಹುಟ್ಟಿದ ಗುಬ್ಬಿಯ ಚನ್ನಬಸವೇಶ್ವರ ನಾಟಕ ಕಂಪನಿಯನ್ನು ನೋಡಬೇಕು. ಗುಬ್ಬಿ ವೀರಣ್ಣನವರು ಅದನ್ನು ಸೇರಿದ್ದು ಬಾಲಕರಾಗಿ. ಮುಂದೆ ರಾಜ್‌ಕುಮಾರ್ ಆದ ಮುತ್ತುರಾಜರೂ ಎಳೆಯ ವಯಸ್ಸಿನಲ್ಲೇ ಆ ರಂಗದ ಮೇಲೆ ನಿಂತವರು. ಟಿಕೆಟ್ ಕೊಂಡು ಕೂತ ಜನರ ಎದುರು ಮೊದಲು ಸಣ್ಣ ಪಾತ್ರ, ಪಳಗಿದ ಮೇಲೆ ದೊಡ್ಡದು. ಅಮೆರಿಕದ ಇಲಿನಾಯ್ ವಿಶ್ವವಿದ್ಯಾಲಯದಲ್ಲಿ ಕೋಲ್ಮನ್ ಗ್ರಿಫಿತ್ ಆಟಗಾರರ ಮನಸ್ಸನ್ನು ಅಭ್ಯಸಿಸುವ ಪ್ರಯೋಗಾಲಯ ತೆರೆದದ್ದು ಈ ಕಂಪನಿ ಹುಟ್ಟಿ ಎಷ್ಟೋ ವರ್ಷಗಳಾದ ಮೇಲೆ, 1925ರಲ್ಲಿ.

ನಟನಿಗೆ ಎದುರಾಳಿ ಇಲ್ಲ, ಮುಂದಿನ ಮಾತೂ ಗೊತ್ತಿರುತ್ತದೆ, ಆಟ ಹಾಗಲ್ಲ ಎನ್ನಬಹುದು. ನ್ಯಾಯವಾದ ಆಕ್ಷೇಪ. ಆದರೆ ಪ್ರಕಾಶ್ ಪಡುಕೋಣೆಯವರ 1980ನೇ ಇಸವಿಯನ್ನು ಗಮನಿಸಿ. ಆಲ್ ಇಂಗ್ಲೆಂಡ್ ಬ್ಯಾಡ್ಮಿಂಟನ್ ಫೈನಲ್‌ನಲ್ಲಿ ಲಿಯೆಮ್ ಸ್ವೀ ಕಿಂಗ್ ಅವರನ್ನು 15-3, 15-10ರಿಂದ ಸೋಲಿಸುವ ಮುನ್ನ ಅದೇ ವರ್ಷ ಡೆನ್ಮಾರ್ಕ್, ಸ್ವೀಡನ್ ಟೂರ್ನಿಗಳನ್ನು ಅವರು ಗೆದ್ದಿದ್ದರು. ದೊಡ್ಡ ಫೈನಲ್‌ನ ಬಿಸಿ ಅವರಿಗೆ ಆಗಲೇ ಪರಿಚಿತ. ಇನ್ನು ಅಭಿನವ್ ಬಿಂದ್ರಾ, ಬೀಜಿಂಗ್‌ನ ಶೂಟಿಂಗ್ ಅಂಗಣವನ್ನು ಹೋಲುವಂತೆ ಮದುವೆ ಹಾಲೊಂದನ್ನು ಸಜ್ಜುಗೊಳಿಸಿಕೊಂಡು ತಾಲೀಮು ಮಾಡಿದರು. 2008ರ ಒಲಿಂಪಿಕ್ ಫೈನಲ್‌ನ ಕೊನೆಯ ಗುಂಡಿಗೆ ಮುನ್ನ ಹೆನ್ರಿ ಹ್ಯಾಕಿನೆನ್ ಜೊತೆ ಅಂಕ ಸಮ. ಆ ಗುಂಡಿಗೆ ಬಿಂದ್ರಾ ಪಡೆದದ್ದು 10.8.

ಇಷ್ಟು ಒತ್ತಡ ಹೇರಿದರೆ ಎಳೆಯರು ಕುಗ್ಗಿಹೋಗುತ್ತಾರೆಂಬ ಆತಂಕ ನನಗೂ ಇದೆ. ಬೈಗುಳ, ಅವಮಾನಗಳನ್ನು ತಾಲೀಮೆಂದು ಕರೆಯುವವರನ್ನು ನಾನು ಒಪ್ಪುವುದಿಲ್ಲ. ಒತ್ತಡ ಹಂತಹಂತವಾಗಿಯೇ ಏರಬೇಕು: ಸಣ್ಣ ಪಾತ್ರ ದಕ್ಕದ ಹುಡುಗನಿಗೆ ಯಾವ ಕಂಪನಿಯೂ ರಾಜನ ಪಾತ್ರ ಕೊಡದು. ತುಮಕೂರಿನ ಮಹಾತ್ಮ ಗಾಂಧಿ ಕ್ರೀಡಾಂಗಣದಲ್ಲಿ ಓಡುವ ಹುಡುಗಿಗೂ ಅದೇ ಕ್ರಮ ಸಿಗಲಿ: ಮೊದಲು ಗೆಳತಿಯರ ಮುಂದೆ ಸಮಯ ಹಿಡಿದು ಒಂದು ಓಟ, ಆಮೇಲೆ ಪೋಷಕರು ಕೂತಿರುವಾಗ ಒಂದು, ರಾಜ್ಯ ಆಯ್ಕೆಗೆ ಹೋಗುವ ಮೊದಲು ಪಿಸ್ತೂಲಿನ ಸದ್ದಿಗೇ ಹೊರಡುವ ಹಲವಾರು ಓಟಗಳು.